ಕೇಳಿ ತಂದ ಬೆಂಕಿ

ಈಗ ನಾನಿರುವ ಊರಿನಲ್ಲಿ ಬೆಂಕಿ ಅಂಗಡಿಯಲ್ಲಿ ಸಿಗುತ್ತದೆ. ಪುಟ್ಟ ಪೆಟ್ಟಿಗೆ, ಒಳಗೆ ಕಡ್ಡಿಗಳು, ಗೀರಿದರೆ ಹತ್ತಿಕೊಳ್ಳುತ್ತದೆ. ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಬೋಗುಣಿ ಹಿಡಿದುಕೊಂಡು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಬಾಗಿಲು ತೆಗೆದ ಹುಡುಗಿ ಒಳ್ಳೆಯವಳು. "ಏನು ಬೇಕಿತ್ತು ಅಜ್ಜಿ, ಸಕ್ಕರೆನಾ?" ಎಂದಳು. "ಕೆಂಡ" ಎಂದೆ. ಅವಳು ನನ್ನ ಮುಖ ನೋಡಿದಳು, ಬೋಗುಣಿ ನೋಡಿದಳು, ಒಳಗೆ ಹೋಗಿ ಒಂದು ಬೆಂಕಿಪೆಟ್ಟಿಗೆ ತಂದು ಕೈಯಲ್ಲಿಟ್ಟಳು. "ವಾಪಸ್ ಕೊಡೋದೇನೂ ಬೇಡ, ನೀವೇ ಇಟ್ಕೊಳ್ಳಿ" ಎಂದು ನಕ್ಕು ಬಾಗಿಲು ಹಾಕಿಕೊಂಡಳು. ಅವಳ ತಪ್ಪೇನಿಲ್ಲ. ಅದಾದ ಮೇಲೆ ಯಾರ ಬಾಗಿಲನ್ನೂ ತಟ್ಟುವ ಅಗತ್ಯ ನನಗೆ ಬಿದ್ದಿಲ್ಲ. ನನ್ನ ಬಾಗಿಲನ್ನೂ ಯಾರೂ ತಟ್ಟಿಲ್ಲ.

ನಮ್ಮೂರಿನಲ್ಲಿ ಕಡ್ಡಿ ಹತ್ತುತ್ತಿರಲಿಲ್ಲ. ಹೊರಗಿನಿಂದ ಬಂದವರು ಪೆಟ್ಟಿಗೆ ಪೂರ್ತಿ ಗೀರಿ ಖಾಲಿ ಮಾಡಿ, ಗಾಳಿಯನ್ನು ಬೈದು, ಕಡ್ಡಿ ಮಾಡಿದವನನ್ನು ಬೈದು, ಕೊನೆಗೆ ಪಕ್ಕದ ಮನೆಗೇ ಹೋಗುತ್ತಿದ್ದರು. ಒಲೆ ಆರಿದರೆ ಇನ್ನೊಂದು ಮನೆಗೆ ಹೋಗಿ ಬಾಯಿಬಿಟ್ಟು ಕೇಳಬೇಕು. ಆ ಮನೆಯವರು ತಮ್ಮ ಕೈಯಿಂದಲೇ ಕೆಂಡ ಎತ್ತಿ ಬೋಗುಣಿಗೆ ಹಾಕಬೇಕು. ಕೇಳದೆ ಎತ್ತಿಕೊಂಡು ಬಂದರೆ ಹೊಸ್ತಿಲು ದಾಟುವಷ್ಟರಲ್ಲಿ ಅದು ಕರಿ ಇದ್ದಿಲು. ಹಾಗಾಗಿ ನಮ್ಮಲ್ಲಿ ಜಗಳಗಳು ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಬೈಯುವಾಗಲೂ ಜನ ಒಂದು ಅಳತೆ ಇಟ್ಟುಕೊಂಡೇ ಬೈಯುತ್ತಿದ್ದರು, ನಾಳೆ ಬೆಳಿಗ್ಗೆ ಇದೇ ಹೆಂಗಸಿನ ಮುಂದೆ ಬೋಗುಣಿ ಹಿಡಿದು ನಿಲ್ಲಬೇಕಾಗಬಹುದಲ್ಲ. ಮದುವೆಯಾಗಿ ಬರುವ ಹುಡುಗಿ ತವರಿನ ಕೆಂಡ ತಂದು ಅತ್ತೆಯ ಒಲೆಗೆ ಸೇರಿಸುತ್ತಿದ್ದಳು. ಊರು ಬಿಟ್ಟು ಹೋಗುವವರು ಬೆಂಕಿ ಆರಿಸಿ ಹೋಗುತ್ತಿರಲಿಲ್ಲ, ಯಾರಿಗಾದರೂ ಕೊಟ್ಟು ಹೋಗುತ್ತಿದ್ದರು. ಉರಿಯುವ ಒಲೆಗೆ ನೀರು ಸುರಿಯುವುದೆಂದರೆ ನಮ್ಮೂರಿನವರಿಗೆ ನೆನೆಸಿಕೊಂಡರೇ ಮೈ ನಡುಗುತ್ತಿತ್ತು.

ನಾವಿದ್ದದ್ದು ತಗ್ಗಿನ ಓಣಿಯಲ್ಲಿ. ಓಣಿಯಲ್ಲಿ ಹೆಚ್ಚಿನವರು ನಮ್ಮವರೇ, ಯೆಹೂದಿಗಳು. ನನ್ನ ಗಂಡ ನಫ್ತಾಲಿ ಕೊಂಬಿನಿಂದ, ಮರದಿಂದ ಅಂಗಿಯ ಗುಂಡಿ ಮಾಡುತ್ತಿದ್ದರು. ಅಂಗಡಿಯಲ್ಲಿ ಕೂತು ಮಾರುವವಳು ನಾನು. ಓದು ನನಗೆ ಅಷ್ಟಕ್ಕಷ್ಟೇ. ಆದರೆ ಗುಂಡಿ ಕೊಳ್ಳಲು ಬಂದವರನ್ನು ನೋಡಿ ಅವರ ಮನೆಯ ಸ್ಥಿತಿ ಹೇಳಬಲ್ಲೆ. ಒಂದೇ ಗುಂಡಿ ಕೇಳುವವಳ ಗಂಡನಿಗೆ ಕೆಲಸ ಹೋಗಿದೆ, ಬೇರೆ ಬಣ್ಣವಾದರೂ ಪರವಾಗಿಲ್ಲ ಎನ್ನುವವಳ ಗಂಡ ತೀರಿಕೊಂಡಿದ್ದಾನೆ. ಮನೆಯಲ್ಲಿ ನಾವಿಬ್ಬರು, ಮಗ ಆಶೇರ್, ಸೊಸೆ ಮಿರೆಲ್.

ಓಣಿಯ ಮೂಲೆಮನೆಯಲ್ಲಿ ಒಟ್ಟಿಲಿ ಇದ್ದಳು. ಅವಳು ಕ್ರೈಸ್ತಳು, ಗಂಡ ಪುರಸಭೆಯಲ್ಲಿ ನೌಕರ. ನಮಗೆ ಸಬ್ಬತ್ತು ವಿಶ್ರಾಂತಿಯ ದಿನ. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ನಕ್ಷತ್ರ ಕಾಣುವವರೆಗೆ ಬೆಂಕಿ ಹಚ್ಚುವಂತಿಲ್ಲ, ಉರಿಯುತ್ತಿರುವುದಕ್ಕೆ ಸೌದೆ ಹಾಕುವಂತಿಲ್ಲ, ಕೆದಕುವಂತೆಯೂ ಇಲ್ಲ. ಶುಕ್ರವಾರ ಸಂಜೆ ಒಲೆಯನ್ನು ಬೂದಿಯಲ್ಲಿ ಮುಚ್ಚಿಟ್ಟರೆ ಶನಿವಾರ ಬೆಳಿಗ್ಗೆ ಒಟ್ಟಿಲಿ ಬಂದು ಬೂದಿ ಸರಿಸಿ ಸೌದೆ ಹಾಕುತ್ತಿದ್ದಳು. ಹಾಕು ಎಂದು ಅವಳಿಗೆ ಹೇಳುವುದೂ ತಪ್ಪು ಎಂದು ನಮ್ಮವರ ವಾದ. ಒಟ್ಟಿಲಿಗೆ ಅದು ಚೆನ್ನಾಗಿ ಗೊತ್ತಿತ್ತು. ಒಳಗೆ ಬಂದವಳೇ ಕೈ ಉಜ್ಜಿಕೊಂಡು, "ಅಬ್ಬಬ್ಬ, ನಂಗೆ ಚಳಿ! ನನ್ನ ಚಳಿಗೆ ನಾನು ಹಾಕ್ಕೊಳ್ತಿರೋದಪ್ಪ, ನಿಮಗಲ್ಲ" ಎನ್ನುತ್ತಿದ್ದಳು. ಸುಡುಬೇಸಿಗೆಯಲ್ಲೂ ತೋಳಿನಿಂದ ಬೆವರು ಒರೆಸಿಕೊಳ್ಳುತ್ತ "ನಂಗೆ ಚಳಿ" ಎಂದೇ ಹೇಳುತ್ತಿದ್ದಳು. ನಫ್ತಾಲಿ ಗೋಡೆ ಕಡೆ ತಿರುಗಿ ನಗು ನುಂಗುತ್ತಿದ್ದರು. ನಾನು ಶುಕ್ರವಾರ ಹಿಟ್ಟನ್ನು ಜಡೆಯಂತೆ ಹೆಣೆದು ಸುಟ್ಟ ರೊಟ್ಟಿಯಲ್ಲಿ ಒಂದನ್ನು ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಮೇಲಿಡುತ್ತಿದ್ದೆ. ಅದನ್ನೂ ಕೊಟ್ಟೆ ಎನ್ನುವಂತಿರಲಿಲ್ಲ, ಅವಳು ತಗೊಂಡೆ ಎನ್ನುವಂತಿರಲಿಲ್ಲ. ಓಣಿಯ ಒಂದೊಂದು ಮನೆಗೂ ಹೀಗೆ ಒಬ್ಬೊಬ್ಬ ಒಟ್ಟಿಲಿ ಇದ್ದಳು.

ಆಮೇಲೆ ನಾಜಿಗಳು ಬಂದರು. ಅವರದೂ ಮೊದಲ ದಿನ ಪೆಟ್ಟಿಗೆ ಪೂರ್ತಿ ಗೀರಿದ್ದೇ ಆಯಿತು, ಕೊನೆಗೆ ಕಚೇರಿಯ ಒಲೆಗೆ ಮೇಯರ್ ಮನೆಯಿಂದ ಕೇಳಿ ತಂದರು. ಹೊಟ್ಟೆಯೊಳಗೆ ನಾನು ನಕ್ಕೆ, ಕೇಳುವುದು ಕಲಿತರೆ ಇವರೂ ದಾರಿಗೆ ಬರುತ್ತಾರೆ ಅಂದುಕೊಂಡೆ. ಕಾರಂಜಿಯ ಪಕ್ಕದ ಗೋಡೆಗೆ ಆಜ್ಞೆಗಳನ್ನು ಅಂಟಿಸತೊಡಗಿದರು. ಯೆಹೂದಿಗಳು ಪಾರ್ಕಿನ ಬೆಂಚಿನಲ್ಲಿ ಕೂರಬಾರದು. ಸರಿ, ಮನೆಯಲ್ಲಿ ಕುರ್ಚಿ ಇದೆ ಎಂದೆವು. ಸೈಕಲ್ ಇಟ್ಟುಕೊಳ್ಳಬಾರದು, ರೇಡಿಯೋ ಇಟ್ಟುಕೊಳ್ಳಬಾರದು. ಕೊಟ್ಟು ಬಂದೆವು. ಬೆಕ್ಕು ಸಾಕಬಾರದು. ನಮ್ಮ ಬೆಕ್ಕನ್ನು ಚೀಲದಲ್ಲಿ ಹಾಕಿಕೊಂಡು ಹೋದದ್ದು ಆಶೇರ್, ಬಂದ ಮೇಲೆ ಊಟ ಮಾಡಲಿಲ್ಲ. ಅಂಗಿಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು. ಹೊಲಿದೆ, ನೀಟಾಗಿಯೇ ಹೊಲಿದೆ, ನನ್ನ ಕೈಯಲ್ಲಿ ಅಡ್ಡಾದಿಡ್ಡಿ ಹೊಲಿಗೆ ಬರುವುದಿಲ್ಲ. ಅಂಗಡಿ ಮುಚ್ಚಿಸಿದರು. ಶರತ್ಕಾಲದಲ್ಲಿ ಆಶೇರ್‌ನನ್ನು ರಸ್ತೆ ಕೆಲಸಕ್ಕೆಂದು ಕರೆದುಕೊಂಡು ಹೋದರು. ಮಿರೆಲ್ ಆಗ ಬಸುರಿ. ಅವನಿಂದ ಸುದ್ದಿ ಬರಲಿಲ್ಲ.

ಮೊದಲ ಮಂಜು ಬಿದ್ದ ವಾರ ಕಾರಂಜಿಯ ಗೋಡೆಗೆ ಇನ್ನೊಂದು ಕಾಗದ ಬಂತು. ಯೆಹೂದಿಗಳ ಮನೆಯ ಒಲೆಗೆ ಬೇರೆ ಯಾರೂ ಕೆಂಡ ಕೊಡಕೂಡದು, ಅವರ ಬೆಂಕಿಯನ್ನು ಮುಟ್ಟಕೂಡದು.

ಅದು ಗುರುವಾರ. ಶುಕ್ರವಾರ ಸಂಜೆ ಒಲೆ ಮುಚ್ಚುವಾಗ ನಾನು ಗಂಡನನ್ನು ಕೇಳಿದೆ, "ಈ ಸಲ ಸೌದೆ ಒಂದಷ್ಟು ಜಾಸ್ತಿ ಇಟ್ಟು ಮುಚ್ಚಲಾ?"

"ಯಾಕೆ? ಒಟ್ಟಿಲಿ ಬರ್ತಾಳಲ್ಲ."

"ಗೋಡೆ ಮೇಲೆ ಏನು ಬರೆದಿದೆ ಅಂತ ಓದಿದ್ದು ನೀವೇ."

"ಗೋಡೆ ಮೇಲೆ ನೂರು ಬರೀತಾರೆ. ಒಟ್ಟಿಲಿ ಕಾಗದ ನೋಡ್ಕೊಂಡು ಬರ್ತಿದ್ಲಾ ಇಷ್ಟು ವರ್ಷ?"

ನನಗೂ ಹಾಗೇ ಅನ್ನಿಸಿತು. ಯಾವಾಗಲೂ ಮುಚ್ಚುವಷ್ಟೇ ಮುಚ್ಚಿದೆ. ಬೆಂಚು, ಸೈಕಲ್, ಬೆಕ್ಕು ಎಲ್ಲ ಹೋದ ಮೇಲೂ ಒಟ್ಟಿಲಿಯ "ನಂಗೆ ಚಳಿ" ಹೋಗುತ್ತದೆಂದು ನಮಗೆ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ನಾವು ಮೂವರೂ ಬಾಗಿಲ ಕಡೆ ಕಿವಿಯಿಟ್ಟು ಕೂತೆವು. ಬಾಗಿಲು ತಟ್ಟಲಿಲ್ಲ. ಮಧ್ಯಾಹ್ನ ಮಿರೆಲ್ ಕಿಟಕಿಯಿಂದ ನೋಡಿ, "ಒಟ್ಟಿಲಿಯಕ್ಕನ ಮನೆ ಹೊಗೆಕೊಳವೆಯಲ್ಲಿ ಹೊಗೆ ಬರ್ತಿದೆ ಅತ್ತೆ, ಮನೇಲೇ ಇದಾರೆ" ಎಂದಳು. ಬೂದಿಯ ಮೇಲೆ ಕೈ ಹಿಡಿದು ನೋಡುತ್ತಿದ್ದೆ. ಮುಟ್ಟುವಂತಿಲ್ಲ, ನೋಡಬಹುದು. ಸಂಜೆಯ ಹೊತ್ತಿಗೆ ಕೈಗೆ ಏನೂ ತಾಗಲಿಲ್ಲ. ನಫ್ತಾಲಿ ಪ್ರಾರ್ಥನೆ ಹೇಳುತ್ತಲೇ ಇದ್ದರು, ಆದರೆ ಒಂದೇ ಸಾಲನ್ನು ಮತ್ತೆ ಮತ್ತೆ.

ನಕ್ಷತ್ರ ಕಂಡ ಕೂಡಲೇ ಬೋಗುಣಿ ಹಿಡಿದು ಪಕ್ಕದ ಮನೆಗೆ ಓಡಿದೆ. ಪಕ್ಕದ ಮನೆಯವಳು ಬೋಗುಣಿ ಹಿಡಿದು ನಮ್ಮ ಮನೆಗೆ ಬರುತ್ತಿದ್ದಳು. ಇಬ್ಬರೂ ನಡುದಾರಿಯಲ್ಲಿ ನಿಂತೆವು. ಅಷ್ಟರಲ್ಲಿ ಓಣಿಯ ಒಂದೊಂದೇ ಬಾಗಿಲು ತೆರೆದುಕೊಂಡಿತು, ಪ್ರತಿ ಬಾಗಿಲಿನಿಂದಲೂ ಒಬ್ಬೊಬ್ಬ ಹೆಂಗಸು, ಕೈಯಲ್ಲಿ ಖಾಲಿ ಬೋಗುಣಿ. ಎಲ್ಲರೂ ಅವರವರ ಒಟ್ಟಿಲಿಗಾಗಿ ಕಾದು ಕೂತಿದ್ದರು. ಇಡೀ ಓಣಿಯಲ್ಲಿ ನಮ್ಮವರ ಒಲೆಗಳಲ್ಲಿ ಒಂದು ಕಿಡಿ ಇರಲಿಲ್ಲ.

ಒಂದು ಕಡೆ ಮಾತ್ರ ಇತ್ತು. ಓಣಿಯ ಕೊನೆಯಲ್ಲಿ, ಚಮ್ಮಾರನ ಅಂಗಡಿಯ ಮೇಲಿನ ಕೋಣೆಯಲ್ಲಿ ಲೈಬಿಷ್ ಎಂಬ ಒಂಟಿ ಮುದುಕನಿದ್ದ. ಹಳೇ ಟೋಪಿ ಕೊಂಡು ಮಾರುವವನು. ಹುಟ್ಟಿದ್ದು ನಮ್ಮವನಾಗಿಯೇ, ಆದರೆ ಸಬ್ಬತ್ತಿನ ದಿನ ಕಿಟಕಿಯಲ್ಲಿ ಕೂತು, ಪ್ರಾರ್ಥನೆಗೆ ಹೋಗುವವರಿಗೆ ಕಾಣುವ ಹಾಗೆ ಸಿಗರೇಟು ಸೇದುತ್ತಿದ್ದ. ನಫ್ತಾಲಿ ಅವನ ಹತ್ತಿರ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಆ ಕಿಟಕಿಯಲ್ಲಿ ಬೆಳಕು ಇತ್ತು.

ಓಣಿಯ ಜನವೆಲ್ಲ ಅವನ ಮೆಟ್ಟಿಲ ಮೇಲೆ ಸಾಲಾಗಿ ನಿಂತೆವು. ಲೈಬಿಷ್ ಬಾಗಿಲು ತೆಗೆದು, ಹಲ್ಲಿಲ್ಲದ ಬಾಯಲ್ಲಿ ಸಿಗರೇಟು ಇಟ್ಟುಕೊಂಡೇ ಎಲ್ಲರನ್ನೂ ನೋಡಿದ.

"ಏನಿದು, ಊರಿನ ಪುಣ್ಯವಂತರೆಲ್ಲ ಬಂದುಬಿಟ್ಟಿದೀರಿ! ನಾನು ಸತ್ತೆ ಅಂತ ಯಾರಾದರೂ ಹೇಳಿದ್ರಾ?"

"ಒಲೆ ಆರಿದೆ" ಎಂದೆ.

"ಎಲ್ಲರದೂ?" ಅವನು ನಗಲು ಶುರು ಮಾಡಿದ. ನಕ್ಕು ಕೆಮ್ಮಿ ಬಾಗಿಲಿಗೆ ಒರಗಿದ. "ಅಂದ್ರೆ ಇವತ್ತು ಈ ಓಣೀಲಿ ಬೆಂಕಿ ಇರೋದು ಪಾಪಿಯ ಮನೇಲಿ ಮಾತ್ರ. ದೇವರು ತಮಾಷೆ ಮಾಡ್ತಾನೆ ಅಂತ ಗೊತ್ತಿದ್ರೆ ನಾನೂ ಪ್ರಾರ್ಥನೆಗೆ ಬರ್ತಿದ್ದೆ ಕಣ್ರೋ."

ಎಲ್ಲರ ಮುಂದೆ ನಿಂತಿದ್ದವರು ನಫ್ತಾಲಿ. ತಲೆ ತಗ್ಗಿಸಿ ಬೋಗುಣಿ ಮುಂದೆ ಚಾಚಿದರು.

"ಕೇಳಬೇಕು ನಫ್ತಾಲಿ" ಎಂದ ಲೈಬಿಷ್, ಈಗ ಮೆಲ್ಲಗೆ. "ಕೇಳದೆ ಇದ್ರೆ ಹಿಡಿಯಲ್ಲ. ಅದು ಊರಿನ ಪದ್ಧತಿ, ನಂದಲ್ಲ."

"ಕೆಂಡ ಕೊಡು, ಲೈಬಿಷ್."

"ಸಬ್ಬತ್ತಿನ ದಿನ ಸೌದೆ ಹಾಕಿ ಉರಿಸಿದ್ದು. ನಡೆಯುತ್ತಾ?"

ನಫ್ತಾಲಿ ಯೋಚಿಸುವುದಕ್ಕೆ ಹೊರಟರು. ಅವರು ಯೋಚಿಸತೊಡಗಿದರೆ ಬೆಳಗಾಗುತ್ತದೆ. "ಬಸುರಿ ಹುಡುಗಿ ಕೆಳಗೆ ನಡುಗ್ತಿದಾಳೆ, ನಡೆಯುತ್ತೆ, ಹಾಕು" ಎಂದೆ. ಲೈಬಿಷ್ ಇಕ್ಕಳ ತಂದು ಒಳ್ಳೆಯ ದಪ್ಪ ಕೆಂಡಗಳನ್ನೇ ಆರಿಸಿ ಹಾಕಿದ. ಆ ದಿನದಿಂದ ತಗ್ಗಿನ ಓಣಿಯ ಎಲ್ಲ ಒಲೆಗಳೂ ಅವನ ಒಲೆಯ ಮಕ್ಕಳು.

ಮುಂದಿನ ಶನಿವಾರ ಬೆಳಿಗ್ಗೆ ಅವನು ಯಾರೂ ಕರೆಯದೆ ನಮ್ಮ ಮನೆಗೆ ಬಂದ. ಕೈ ಉಜ್ಜಿಕೊಂಡ. "ನಂಗೆ ಚಳಿ ಅತ್ತಿಗೆ. ನನ್ನ ಚಳಿಗೆ ನಾನು ಹಾಕ್ಕೊಳ್ತೀನಿ" ಎಂದು ಒಟ್ಟಿಲಿಯ ದನಿಯಲ್ಲೇ ಹೇಳಿ ಸೌದೆ ಹಾಕಿದ. ಹೊರಗಿನವಳು ಮಾಡುವುದು ಬೇರೆ, ನಮ್ಮವನೇ ಮಾಡುವುದು ಬೇರೆ. ನಫ್ತಾಲಿ ಏನಾದರೂ ಅಂದಾರು ಎಂದು ನಾನು ಉಸಿರು ಹಿಡಿದೆ. ಅವರು ಗೋಡೆ ಕಡೆ ತಿರುಗಿ, "ಯಾರೋ ಬಂದ ಹಾಗಿದೆ, ಕೂರೋಕೆ ಹೇಳು" ಎಂದರಷ್ಟೇ. ಹೀಗೆ ಅವನು ಮನೆಯಿಂದ ಮನೆಗೆ ಚಳಿ ಕಾಯಿಸಿಕೊಳ್ಳುತ್ತ ಹೋಗುತ್ತಿದ್ದ. ಎಲ್ಲ ಮನೆಯಲ್ಲೂ ಒಂದಿಷ್ಟು ತಿನ್ನಲು ಸಿಗುತ್ತಿತ್ತು. ಇಷ್ಟು ವರ್ಷ ಪಾಪ ಮಾಡಿದ್ದಕ್ಕೆ ಈಗ ಫಲ ಸಿಕ್ಕಿತು ಎನ್ನುತ್ತಿದ್ದ.

ಒಟ್ಟಿಲಿ ದಿನಾ ಕಣ್ಣಿಗೆ ಬೀಳುತ್ತಿದ್ದಳು. ನೀರಿಗೆ ಹೋಗುವಾಗ ಓಣಿಯ ಆಚೆ ಬದಿಯಲ್ಲಿ ನಡೆಯುತ್ತಿದ್ದಳು. ನಾನು ಎದುರು ಬಂದರೆ ಕೊಡದ ಹಿಡಿಯನ್ನು ಸರಿಮಾಡಿಕೊಳ್ಳುವವಳಂತೆ ಬಗ್ಗುತ್ತಿದ್ದಳು. ಹಿಡಿ ಸರಿಯಾಗೇ ಇರುತ್ತಿತ್ತು. ಅವಳ ಗಂಡನ ನೌಕರಿ ಪುರಸಭೆಯದು, ನನಗೆ ಅರ್ಥವಾಗುತ್ತಿತ್ತು. ಅರ್ಥವಾದ ಮಾತ್ರಕ್ಕೆ ಮನೆ ಬೆಚ್ಚಗಾಗುವುದಿಲ್ಲ. ಕೆಲವು ವಾರ ನಾನು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಮೇಲೆ ಇಟ್ಟೆ. ಹಿಟ್ಟು ಕಮ್ಮಿಯಾದ ಮೇಲೆ ಇಡುವುದನ್ನು ಬಿಟ್ಟೆ.

ಚಳಿ ಬಲಿತಾಗ ಮಿರೆಲ್ ಹೆತ್ತಳು. ಹೆಣ್ಣು ಮಗು, ಪೆಸ್ಸಿ ಎಂದು ಹೆಸರಿಟ್ಟೆವು. ತೂಕವಿಲ್ಲದ ಮಗು, ಎದೆಯಲ್ಲಿ ಗೊರಗೊರ ಸದ್ದು. ಸೂಲಗಿತ್ತಿ ಒಲೆಯ ಪಕ್ಕದ ಜಾಗ ತೋರಿಸಿ, "ಇಲ್ಲಿಂದ ಅಲ್ಲಾಡಿಸಬೇಡಿ. ಒಲೆ ಆರಿದರೆ ಮಗು ಉಳಿಯಲ್ಲ" ಎಂದಳು. ಅಲ್ಲಿಂದ ಮುಂದೆ ನನಗೆ ಬೇರೆ ಯೋಚನೆ ಇರಲಿಲ್ಲ. ಯೆಹೂದಿಗಳಿಗೆ ಸೌದೆ, ಕಲ್ಲಿದ್ದಲು ಕೊಡುವುದನ್ನು ನಿಲ್ಲಿಸಿದ್ದರು. ಮನೆಯನ್ನೇ ಉರಿಸಬೇಕಾಯಿತು. ಉರಿಸುವುದಕ್ಕೂ ಒಂದು ಕ್ರಮ ಬೇಕು. ಕುರ್ಚಿಯ ಒರಗು ಮೊದಲು, ಕಾಲು ಆಮೇಲೆ, ಒರಗಿಲ್ಲದಿದ್ದರೂ ಕೂರಬಹುದಲ್ಲ. ಬೀರುವಿನ ಬಾಗಿಲು ಮೊದಲು, ಹಲಗೆ ಆಮೇಲೆ. ಮಂಚದ ಪಟ್ಟಿ ಒಂದು ಬಿಟ್ಟು ಒಂದು. ನಫ್ತಾಲಿ ಮರದ ಗುಂಡಿಗಳ ಡಬ್ಬಿಗಳನ್ನು ತಾವೇ ತಂದು ಸುರಿದರು. ಕೊಂಬಿನ ಗುಂಡಿಗಳನ್ನು ಮಾತ್ರ ಹಾಕಗೊಡಲಿಲ್ಲ ನಾನು, ಹೊಗೆ ಮಗುವಿಗೆ ಆಗುವುದಿಲ್ಲ.

ಅಷ್ಟರಲ್ಲಿ ಓಣಿಯಿಂದ ಜನರನ್ನು ಕರೆದೊಯ್ಯುವುದು ಶುರುವಾಯಿತು. ಪೊಲೀಸರು ಬಂದು ಹೇಳಿ ಹೋಗುತ್ತಿದ್ದರು, ಮರುದಿನ ಆ ಮನೆಯವರು ಪೆಟ್ಟಿಗೆ ಹಿಡಿದು ಶಾಲೆಯ ಅಂಗಳಕ್ಕೆ ಹೋಗುತ್ತಿದ್ದರು, ಅಲ್ಲಿಂದ ರೈಲು. ಪೂರ್ವಕ್ಕೆ ಕೆಲಸಕ್ಕೆ ಎನ್ನುತ್ತಿದ್ದರು. ಎಂಬತ್ತರ ಮುದುಕಿಗೆ ಅಲ್ಲೇನು ಕೆಲಸ ಎಂದು ನಾನು ಗಟ್ಟಿಯಾಗಿ ಕೇಳಲಿಲ್ಲ. ಹೋಗುವ ಮುಂಚೆ ಒಬ್ಬೊಬ್ಬರೂ ನಮ್ಮ ಮನೆಗೆ ಬಂದರು. ಕೂಸಿರುವ ಮನೆ, ಇಲ್ಲಿ ಉಪಯೋಗವಾಗುತ್ತದೆ ಎಂದು ಬೋಗುಣಿಯಿಂದ ಕೆಂಡವನ್ನು ನಮ್ಮ ಒಲೆಗೆ ಸುರಿದು ಹೋದರು. ಓಣಿ ಖಾಲಿಯಾಗುತ್ತ ಹೋದಂತೆ ನಮ್ಮ ಒಲೆ ತುಂಬುತ್ತ ಹೋಯಿತು. ಹೊರಗೆ ನೋಡಿದರೆ ಹೊಗೆಯಿಲ್ಲದ ಹೊಗೆಕೊಳವೆಗಳು. ಪಕ್ಕದ ಮನೆಯವಳ ಗೊರಕೆ ಗೋಡೆಯಾಚೆಯಿಂದ ಕೇಳುತ್ತಿತ್ತು ಮೊದಲು, ಎಷ್ಟು ಬೈದಿದ್ದೆ ಅದನ್ನು. ಈಗ ಗೋಡೆಗೆ ಕಿವಿಯಿಟ್ಟು ಮಲಗಿದರೂ ಏನೂ ಇಲ್ಲ.

ಲೈಬಿಷ್ ಬಂದದ್ದು ಒಂದು ಬುಧವಾರ. ಬೋಗುಣಿಯ ಜೊತೆಗೆ ಒಂದು ಟೋಪಿಯನ್ನೂ ತಂದಿದ್ದ, ಇದ್ದುದರಲ್ಲಿ ಒಳ್ಳೆಯದು. ಅದನ್ನು ನಫ್ತಾಲಿಯ ತಲೆಗೆ ಇಟ್ಟು ಹಿಂದೆ ಸರಿದು ನೋಡಿದ.

"ಪುಣ್ಯವಂತನ ತಲೆ ದೊಡ್ಡದು, ಹಿಡಿಸಲಿಲ್ಲ" ಎಂದ.

"ನಾಡಿದ್ದು ಸಬ್ಬತ್ತು" ಎಂದರು ನಫ್ತಾಲಿ.

"ಗೊತ್ತು. ಇನ್ನು ಮೇಲೆ ಚಳಿಯಾದ್ರೆ ನೀನೇ ನೋಡ್ಕೋಬೇಕು." ಕೆಂಡ ಸುರಿದು, ಒಂದರಲ್ಲಿ ಸಿಗರೇಟು ಹಚ್ಚಿಕೊಂಡು ಹೊರಟ. ಬಾಗಿಲಲ್ಲಿ ನಿಂತು, "ಅತ್ತಿಗೆ, ನಿಮ್ಮ ರೊಟ್ಟಿಗೆ ಉಪ್ಪು ಯಾವಾಗಲೂ ಕಮ್ಮಿ. ಹೇಳೋಕೆ ಧೈರ್ಯ ಇರಲಿಲ್ಲ" ಎಂದ.

ಆ ಶನಿವಾರ ಬೆಳಿಗ್ಗೆ ಯಾರೂ ಬರುವವರಿರಲಿಲ್ಲ. ಪೆಸ್ಸಿಯ ಉಸಿರು ಎಳೆಯುತ್ತಿತ್ತು. ನಾನು ಎದ್ದು ಒಲೆಯ ಕಡೆ ಹೋದೆ. ನಫ್ತಾಲಿ ನನ್ನ ಕೈ ಹಿಡಿದು ಕೂರಿಸಿ, ತಾವೇ ಮಂಡಿಯೂರಿ, ಬೂದಿ ಸರಿಸಿ, ಕುರ್ಚಿಯ ಕಾಲೊಂದನ್ನು ಇಟ್ಟು ಊದಿದರು. "ಜೀವ ಉಳಿಸೋಕೆ ಹಾಕಬಹುದು. ಹಾಕಲೇಬೇಕು. ಅದಕ್ಕೆ ನೆಪ ಬೇಕಿಲ್ಲ" ಎಂದರು. ಮಾತು ದೃಢವಾಗಿತ್ತು. ಆದರೆ ಅಭ್ಯಾಸವಿಲ್ಲದ ಕೈ, ಊದಿದ ಬೂದಿಯೆಲ್ಲ ಗಡ್ಡಕ್ಕೆ ಬಂದು ಕೂತಿತ್ತು. ನಾನು ಒರೆಸಿದೆ. ಮಗು ಮಧ್ಯಾಹ್ನದ ಹೊತ್ತಿಗೆ ಹಾಲು ಕುಡಿಯಿತು. ಅದರ ಮುಂದಿನ ಶನಿವಾರಗಳಲ್ಲೂ ಹೀಗೇ ನಡೆಯಿತು.

ನಮ್ಮ ಸರದಿ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ. ಹೇಳಲು ಬಂದವನು ವೆಂಡೆಲ್ ಎಂಬ ಪೊಲೀಸಿನವನು, ನಮ್ಮೂರಿನಲ್ಲೇ ಹುಟ್ಟಿದವನು. ಅವನ ಸಮವಸ್ತ್ರದ ಗುಂಡಿಗಳು ನಮ್ಮ ಅಂಗಡಿಯವೇ. ನಾಳೆ ಬೆಳಿಗ್ಗೆ ಶಾಲೆಯ ಅಂಗಳ, ಒಬ್ಬರಿಗೆ ಒಂದು ಪೆಟ್ಟಿಗೆ, ಬೀಗದ ಕೈ ಅವನ ಕೈಗೆ. ಇಷ್ಟು ಹೇಳಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಇನ್ನೊಂದಿದೆ ಗಿಟ್ಟಲಮ್ಮ. ಒಲೆ ಆರಿಸಿ ಹೋಗಬೇಕಂತೆ. ಎಲ್ಲಾ ಊರಲ್ಲೂ ಹಾಗೇ ಅಂತೆ, ಮನೆಗಳಿಗೆ ಬೆಂಕಿ ಬೀಳಬಾರದಲ್ಲ."

"ಇಲ್ಲಿವರೆಗೆ ಹೋದವರ ಮನೇಲಿ ಏನು ಮಾಡಿದ್ರಿ?"

"ಅವರ ಒಲೆ ಮೊದಲೇ ಖಾಲಿ ಇರ್ತಿತ್ತು. ನಿಮ್ಮನೆಗೆ ತಂದು ಹಾಕ್ತಿದ್ರಲ್ಲ. ನಾನು ನೋಡಿಲ್ಲ ಅಂತ ಇದ್ದೆ."

ಅವನು ಹೋದ ಮೇಲೆ ಒಲೆಯ ಮುಂದೆ ಕೂತೆ. ಪೆಟ್ಟಿಗೆ ತುಂಬುವುದು ನನಗೆ ಕಷ್ಟವಾಗಲಿಲ್ಲ. ಮಗುವಿನ ಬಟ್ಟೆ, ಸಕ್ಕರೆಯ ಗಟ್ಟಿ, ದಾರ, ಸೂಜಿ. ಆದರೆ ಈ ಬೆಂಕಿಯನ್ನು ಯಾರಿಗೆ ಕೊಡಲಿ? ಅದರಲ್ಲಿ ನನ್ನ ಅತ್ತೆಯ ಮನೆಯ ಕೆಂಡವಿಲ್ಲ, ನನ್ನ ತವರಿನದಿಲ್ಲ, ಅದೆಲ್ಲ ಆ ಮೊದಲ ಶನಿವಾರ ಆರಿಹೋಗಿತ್ತು. ಇರುವುದು ಲೈಬಿಷ್‌ನದು. ಅವನಿಂದ ಓಣಿಗೆ ಹೋಗಿ, ಓಣಿಯಿಂದ ನಮ್ಮಲ್ಲಿಗೆ ಬಂದು ಸೇರಿದ್ದು. ಮಗುವನ್ನು ಉಳಿಸಿದ್ದು ಅದು. ಅದಕ್ಕೆ ನೀರು ಸುರಿಯುವುದೆಂದರೆ ಹೋದವರನ್ನೆಲ್ಲ ಇನ್ನೊಮ್ಮೆ ಕಳಿಸಿದ ಹಾಗೆ.

ಹೊತ್ತು ಮುಳುಗುವುದಕ್ಕೆ ಇನ್ನೂ ಸಮಯವಿತ್ತು. ಬೋಗುಣಿಯಲ್ಲಿ ಕೆಂಡ ಹಾಕಿಕೊಂಡು ಮೂಲೆಮನೆಗೆ ಹೋದೆ. ಅಷ್ಟು ತಿಂಗಳ ಮೇಲೆ ಆ ಬಾಗಿಲು ತಟ್ಟಿದೆ. ಒಳಗೆ ಕುರ್ಚಿ ಸರಿದ ಸದ್ದಾಯಿತು. ಪರದೆ ಅಲ್ಲಾಡಿತು.

"ಒಟ್ಟಿಲಿ, ನಾಳೆ ನಾವು ಹೋಗ್ತಿದೀವಿ. ಬೆಂಕಿ ತಗೋತೀಯಾ?"

ಬಾಗಿಲು ತೆರೆಯಲಿಲ್ಲ. ಆದರೆ ಅವಳು ಬಾಗಿಲಿಗೆ ತೀರ ಹತ್ತಿರ ಬಂದು ನಿಂತಿದ್ದಳು, ಉಸಿರು ಕೇಳುತ್ತಿತ್ತು. "ಇವರು ಮನೇಲಿದಾರೆ ಅಕ್ಕ" ಎಂದಳು, ತುಟಿಯಲ್ಲೇ. ಬೀದಿಯ ತುದಿಯಲ್ಲಿ ಯಾರೋ ಬಂದರು. ನಾನು ಬೋಗುಣಿಯನ್ನು ಶಾಲಿನಲ್ಲಿ ಮುಚ್ಚಿಕೊಂಡು ವಾಪಸಾದೆ. ಬರುವಾಗ ಅದು ಬಹಳ ಭಾರವಾಗಿತ್ತು. ಮನೆಗೆ ಬಂದು ಕೆಂಡವನ್ನು ಒಲೆಗೇ ಸುರಿದು, ದೀಪ ಹಚ್ಚಿ, ಸಬ್ಬತ್ತನ್ನು ಬರಮಾಡಿಕೊಂಡೆವು. ರೊಟ್ಟಿಗೆ ಉಪ್ಪು ಜಾಸ್ತಿ ಹಾಕಿದ್ದೆ.

ಬೆಳಿಗ್ಗೆ ವೆಂಡೆಲ್ ಬಂದ, ಕೈಯಲ್ಲಿ ನೀರಿನ ಬಕೆಟ್ಟು. ನಾವು ಕೋಟು ಹಾಕಿಕೊಂಡು ನಿಂತಿದ್ದೆವು. ಮಿರೆಲ್ ಮಗುವನ್ನು ನನ್ನ ಉಣ್ಣೆಯ ಶಾಲಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದಳು. ವೆಂಡೆಲ್ ಬಕೆಟ್ಟನ್ನು ಒಲೆಯ ಮುಂದೆ ಇಟ್ಟು ಹಿಂದೆ ಸರಿದ.

"ನೀವೇ ಹಾಕಿಬಿಡಿ ಗಿಟ್ಟಲಮ್ಮ" ಎಂದ. "ನನ್ನ ಕೈಲಾಗಲ್ಲ."

"ನಾನ್ಯಾಕಪ್ಪ ಹಾಕ್ಲಿ? ಆಜ್ಞೆ ನಿಂದು, ನೀರು ನಿಂದು."

"ನಮ್ಮಮ್ಮ ಕೇಳಿದ್ರೆ ಮನೆಗೆ ಸೇರಿಸಲ್ಲ."

"ಹಾಗಾದ್ರೆ ನಿಮ್ಮಮ್ಮನಿಗೆ ಹೇಳಬೇಡ" ಎಂದೆ. ನಾನು ಅವನಿಗೆ ಸುಲಭ ಮಾಡಿಕೊಡಬಾರದೆಂದು ನಿರ್ಧರಿಸಿದ್ದೆ.

ಆಗ ತೆರೆದ ಬಾಗಿಲಲ್ಲಿ ಒಟ್ಟಿಲಿ ಬಂದು ನಿಂತಳು. ಎರಡೂ ಕೈಯಲ್ಲಿ ಖಾಲಿ ಬೋಗುಣಿ. ಮೊಣಕೈವರೆಗೆ ತೋಳು ಒದ್ದೆ, ಲಂಗದ ಅಂಚಿಗೆ ಬೂದಿಯ ಕೆಸರು ಮೆತ್ತಿತ್ತು. ಅವಳು ನನ್ನ ಕಡೆ ನೋಡದೆ, ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದಳು, "ನಮ್ಮನೆ ಒಲೆ ಆರ್ಹೋಗಿದೆ. ಕೆಂಡ ಬೇಕು."

ವೆಂಡೆಲ್ ಕಣ್ಣು ಕಿರಿದು ಮಾಡಿದ. "ಈಗ ಬರುವಾಗ ಉರೀತಿತ್ತಲ್ಲ, ಹೊಗೆ ಕಂಡೆ."

"ಆಗ ಉರೀತಿತ್ತು. ಈಗ ಇಲ್ಲ. ಹೋಗಿ ನೋಡು, ನೀರು ನಿಂತಿದೆ."

ಅವನ ಮುಖ ಬಿಳಿಚಿತು. ತನ್ನ ಒಲೆಗೆ ತಾನೇ ನೀರು ಸುರಿದ ಹೆಂಗಸನ್ನು ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. "ಇವರಿಗೆ ಕೆಂಡ ಕೊಡಬಾರದು ಅಂತಿದೆ" ಎಂದ ತೊದಲುತ್ತ. "ಇವರ ಬೆಂಕಿ ಮುಟ್ಟಬಾರದು ಅಂತಿದೆ."

"ನಾನು ಮುಟ್ಟಲ್ಲ. ಅವರೇ ಎತ್ತಿ ಹಾಕಲಿ. ಇವರ ಕೈಯಿಂದ ಇಸ್ಕೋಬಾರದು ಅಂತ ಎಲ್ಲಿದೆ? ಎಲ್ಲಿದೆ ಹೇಳು, ನಂಗೆ ಓದೋಕೆ ಬರಲ್ಲ."

ವೆಂಡೆಲ್ ಯೋಚಿಸಿದ. "ಎಲ್ಲೂ ಇಲ್ಲ" ಎಂದ. ಬಕೆಟ್ಟನ್ನು ಕಾಲಿನಿಂದ ಒಂದಿಷ್ಟು ಹಿಂದಕ್ಕೆ ತಳ್ಳಿ, ಬಾಗಿಲ ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಒಟ್ಟಿಲಿ ಈಗ ನಫ್ತಾಲಿಯ ಮುಂದೆ ಬೋಗುಣಿ ಚಾಚಿದಳು. "ಅಣ್ಣ, ಕೆಂಡ ಕೊಡಿ."

ಆಗ ನನಗೆ ಹೊಳೆಯಿತು. ಅಂದು ಶನಿವಾರ, ಸಬ್ಬತ್ತು. ಅವಳಾಗಿ ಎತ್ತಿಕೊಂಡರೆ ಕೆಂಡ ಹೊಸ್ತಿಲಲ್ಲೇ ಆರುತ್ತದೆ. ನಾವು ಎತ್ತಿ ಕೊಡುವಂತಿಲ್ಲ, ಇಲ್ಲಿ ಯಾರ ಜೀವವೂ ಉಳಿಯುವುದಿಲ್ಲ, ಉಳಿಯುವುದು ಬೆಂಕಿ ಮಾತ್ರ. ಅದಕ್ಕೆ ಶಾಸ್ತ್ರದಲ್ಲಿ ದಾರಿಯಿಲ್ಲ. ನಾನು ಇಕ್ಕಳಕ್ಕೆ ಕೈ ಹಾಕಿದೆ, ಪಾಪ ನನ್ನ ತಲೆಗೇ ಬರಲಿ ಎಂದು. ನಫ್ತಾಲಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ಮಂಡಿಯೂರಿ ಕೂತರು. ಕೈ ಉಜ್ಜಿಕೊಂಡರು.

"ಯಾಕೋ ನಂಗೆ ಚಳಿ" ಎಂದರು. "ನನ್ನ ಚಳಿಗೆ ಸ್ವಲ್ಪ ಕೆದಕಿಕೊಳ್ತೀನಿ. ಬೇರೆ ಯಾರಿಗೂ ಅಲ್ಲ."

ಒಟ್ಟಿಲಿಯ ಬಾಯಿಂದ ಒಂದು ಸದ್ದು ಬಂತು, ನಗುವೋ ಏನೋ. ನಫ್ತಾಲಿ ಒಂದೊಂದೇ ಕೆಂಡ ಎತ್ತಿ, ದೊಡ್ಡದನ್ನೇ ಆರಿಸಿ, ಬೋಗುಣಿ ತುಂಬುವವರೆಗೆ ಹಾಕಿದರು. ನಾನು ನೋಡುತ್ತಿದ್ದೆ. ಒಂದು ಚಳಿಗಾಲಕ್ಕೆ ಒಂದು ಬೋಗುಣಿ ಸಮವಾಗುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ ಗೊತ್ತಿಲ್ಲ. "ಲೈಬಿಷ್‌ದು ಅದು, ಕೆಮ್ಮುತ್ತೆ, ಒಣ ಸೌದೆ ಹಾಕು" ಎಂದೆ. ಅವಳು ತಲೆಯಾಡಿಸಿದಳು. ಕೆಂಡ ಹೊಸ್ತಿಲು ದಾಟಿತು, ಕೆಂಪಗೇ ಇತ್ತು. ನಾವೂ ಹೊರಗೆ ಬಂದ ಮೇಲೆ, ಉಳಿದ ಕೆಂಡಕ್ಕೆ ವೆಂಡೆಲ್ ನೀರು ಸುರಿದ ಸದ್ದು ಒಳಗಿನಿಂದ ಕೇಳಿತು. ನಾನು ತಿರುಗಿ ನೋಡಲಿಲ್ಲ. ಓಣಿ ದಾಟುವಾಗ ಒಟ್ಟಿಲಿ ತನ್ನ ಬಾಗಿಲಲ್ಲಿ ನಿಂತಿದ್ದಳು. ಎರಡೂ ಕೈಯಲ್ಲಿ ಬೋಗುಣಿ ಹಿಡಿದಿದ್ದರಿಂದ ಕಣ್ಣೊರೆಸಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ.

ರೈಲು ಎಂದರೆ ಸರಕಿನ ಡಬ್ಬಿ. ಕೂರಲು ಜಾಗವಿಲ್ಲ, ಹಲಗೆಗಳ ಸಂದಿನಲ್ಲಿ ಗಾಳಿ. ಮಗುವನ್ನು ನಡುವೆ ಇಟ್ಟುಕೊಂಡು ನಾವು ಮೂವರು ಗೋಡೆಯ ಹಾಗೆ ನಿಂತೆವು. ಸಂದಿನಿಂದ ನೋಡಿದೆ. ತಗ್ಗಿನ ಓಣಿಯ ಹೊಗೆಕೊಳವೆಗಳಲ್ಲಿ ಒಂದೇ ಒಂದರಿಂದ, ಮೂಲೆಯದರಿಂದ, ಹೊಗೆ ಎದ್ದಿತ್ತು. ಆಮೇಲೆ ಹೊಳೆಯ ಸೇತುವೆ ಬಂತು. ಅಲ್ಲಿಗೆ ನಮ್ಮೂರಿನ ಎಲ್ಲೆ ಮುಗಿಯುತ್ತದೆ.

ಸೇತುವೆಯ ಆಚೆ ರೈಲು ಯಾತಕ್ಕೋ ನಿಂತಿತು. ಕಾವಲಿನವನೊಬ್ಬ ಇಳಿದು ನಮ್ಮ ಡಬ್ಬಿಯ ಪಕ್ಕಕ್ಕೆ ಬಂದು, ಗಾಳಿಗೆ ಬೆನ್ನು ಕೊಟ್ಟು, ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದ. ಪಾಪ, ಇವನಿಗೂ ಗೊತ್ತಿಲ್ಲ ಎಂದುಕೊಂಡೆ. ಅವನು ಗೀರಿದ. ಒಂದೇ ಸಲಕ್ಕೆ ಹತ್ತಿಕೊಂಡಿತು.

ಸಂದಿನಿಂದ ನೋಡುತ್ತಿದ್ದವರೆಲ್ಲ ಹಲಗೆಗೆ ಇನ್ನಷ್ಟು ಹತ್ತಿರ ಬಗ್ಗಿದರು. ಅವನು ಯಾರನ್ನೂ ಕೇಳಿರಲಿಲ್ಲ, ಯಾರೂ ಅವನಿಗೆ ಕೊಟ್ಟಿರಲಿಲ್ಲ. ಸಿಗರೇಟು ಹಚ್ಚಿಕೊಂಡು, ಕಡ್ಡಿಯನ್ನು ಅಲ್ಲಾಡಿಸಿ ಆರಿಸಿ, ನೋಡದೆಯೇ ಹಿಂದಕ್ಕೆ ಎಸೆದ.

ಮಿರೆಲ್ ಮಗುವಿನ ತಲೆಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು. "ಅತ್ತೆ" ಎಂದಳು ಮೆಲ್ಲಗೆ, "ಅದು ಯಾರ ಮನೆ ಬೆಂಕಿ?"